ಇಲಿಗಳಿಗೆ ಮನೆ ಕಟ್ಟಿದ ಮಾವ

ನನ್ನ ಸೋದರಮಾವ ಬಡಗಿ. ಮೊಣಕಾಲು ಕೈಕೊಟ್ಟ ಮೇಲೆ ಕೆಲಸ ಬಿಟ್ಟರು. ಆದರೆ ಸುಮ್ಮನೆ ಕೂತು ಗೊತ್ತಿಲ್ಲದ ಜೀವ. ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಲು ಹೊರಟಾಗ ಅತ್ತೆ, "ಎಲ್ಲಾದ್ರೂ ಕೆಲಸ ಹುಡುಕ್ಕೊಳ್ಳಿ, ಪುಣ್ಯ ಬರತ್ತೆ" ಎಂದು ಕೈಮುಗಿದರು.

ಸಿಕ್ಕಿದ್ದು ವಿಚಿತ್ರ ಕೆಲಸ. ಒಂದು ಪ್ರಯೋಗಾಲಯದಲ್ಲಿ ಇಲಿಗಳಿಗೆ ಗೂಡು ಕಟ್ಟಬೇಕಿತ್ತು. ಅಲ್ಲಿನ ವಿಜ್ಞಾನಿ, ಮಾವನ ಮಗಳ ವಯಸ್ಸಿನ ಹೆಂಗಸು, ವಿಷಯ ಬಿಡಿಸಿ ಹೇಳಿದರು. ಆಗಷ್ಟೇ ಹುಟ್ಟಿದ ಕೆಲವು ಮರಿಗಳಿಗೆ ಫಿಟ್ಸ್‌ನ ಔಷಧಿ ಕೊಡುತ್ತಾರೆ. ಅದು ಎಳೆಯ ಮಿದುಳಿಗೆ ಏನು ಮಾಡುತ್ತದೆ, ಆಮೇಲೆ ಬೆಳೆಯುವ ಜಾಗ ಅದನ್ನು ಎಷ್ಟು ಸರಿಪಡಿಸುತ್ತದೆ ಎಂದು ನೋಡಬೇಕು. ಅರ್ಧ ಮರಿಗಳು ಬರಿಯ ಪೆಟ್ಟಿಗೆಯಲ್ಲಿ; ಉಳಿದವು ಏಣಿ, ಸುರಂಗ, ಚಕ್ರ, ಜೊತೆಗಾರರಿರುವ ದೊಡ್ಡ ಗೂಡಿನಲ್ಲಿ.

ಮಾವ ಮರುಮಾತಿಲ್ಲದೆ ಒಪ್ಪಿದರು. ಕಾರಣ ನನ್ನ ಮಗಳು; ಅದನ್ನು ವಿಜ್ಞಾನಿಗೂ ಹೇಳಿದರು. ಹುಟ್ಟಿದ ವಾರದಲ್ಲೇ ಅವಳಿಗೆ ಫಿಟ್ಸ್ ಬಂದು, ಅಂಥದ್ದೇ ಔಷಧಿ ತಿಂಗಳುಗಟ್ಟಲೆ ಕೊಟ್ಟಿದ್ದರು. ಜೀವ ಉಳಿದದ್ದೇ ಅದರಿಂದ. ಆದರೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ.

ಮಾವ ಗೂಡಿನ ಏಣಿಯನ್ನು ಮರಳುಕಾಗದದಿಂದ ತಿಕ್ಕಿದ್ದೇ ತಿಕ್ಕಿದ್ದು. ವಿಜ್ಞಾನಿ ನಕ್ಕರು. "ಹೇಗೂ ಕಡಿದು ಹಾಕ್ತಾವೆ, ಇಷ್ಟು ನುಣುಪು ಯಾಕೆ?"

"ಕಡಿಯೋದು ಅವುಗಳ ಕೆಲಸ, ತಿಕ್ಕೋದು ನಂದು."

ವಾರವಾರವೂ ಗೂಡಿನ ಸಾಮಾನು ಬದಲಿಸಬೇಕಿತ್ತು. ಹಾಗೆ ಹೋದಾಗಲೆಲ್ಲ ಬರಿಯ ಪೆಟ್ಟಿಗೆಗಳ ಕಡೆ ಕಣ್ಣು ಹೋಗುತ್ತಿತ್ತು. ಒಮ್ಮೆ ತಡೆಯಲಾರದೆ ಕೇಳಿದರು: "ಆ ಪಾಪದವಕ್ಕೂ ಒಂದು ಮರದ ತುಂಡು ಹಾಕ್ಲಾ?"

"ಬೇಡ, ಹಾಕಿದ್ರೆ ಪ್ರಯೋಗವೇ ಕೆಟ್ಟುಹೋಗತ್ತೆ."

ಹಾಕಲಿಲ್ಲ.

ಪ್ರಯೋಗ ಮುಗಿದ ಮೇಲೆ ವಿಜ್ಞಾನಿ ಅವರನ್ನು ಕರೆದು, ಆ ಇಲಿಗಳ ಮಿದುಳಿನ ಚಿತ್ರ ತೋರಿಸಿದರು. ಔಷಧಿ ಪಡೆದು ಬರಿಯ ಪೆಟ್ಟಿಗೆಯಲ್ಲಿ ಬೆಳೆದವುಗಳ ನರಕೋಶಗಳು ಎಲೆ ಉದುರಿದ ಗಿಡದಂತಿದ್ದವು. ಅದೇ ಔಷಧಿ ಪಡೆದು ಗೂಡಿನಲ್ಲಿ ಬೆಳೆದವುಗಳಲ್ಲಿ ಟೊಂಗೆಗಳು ಹೆಚ್ಚು. ಔಷಧಿಯೇ ತಾಗದವುಗಳಷ್ಟಂತೂ ಇರಲಿಲ್ಲ.

"ಪೂರ್ತಿ ಸರಿಯಾಗಲ್ವಾ?"

"ಪೂರ್ತಿ ಆಗಿಲ್ಲ. ಮತ್ತೆ, ಇಲಿ ಬೇರೆ, ಮಗು ಬೇರೆ. ಇದನ್ನ ನೋಡಿ ನಿಮ್ಮ ಮೊಮ್ಮಗಳ ವಿಷಯ ನಾನೇನೂ ಹೇಳೋ ಹಾಗಿಲ್ಲ."

"ಗೊತ್ತಮ್ಮ" ಎಂದ ಮಾವ ಅಲ್ಲಿಂದ ನೇರ ನಮ್ಮ ಮನೆಗೆ ಬಂದರು.

ಫಿಟ್ಸ್ ಬಂದು ಬಿದ್ದಾಳೆಂಬ ಭಯಕ್ಕೆ ನಾನು ಮಗಳನ್ನು ಒಂದು ಕೋಣೆಯಲ್ಲೇ ಬೆಳೆಸುತ್ತಿದ್ದೆ. ನೆಲಕ್ಕೆಲ್ಲ ಹಾಸಿಗೆ, ಬಾಗಿಲಿಗೆ ಅಗುಳಿ. ಮಾವ ಸುತ್ತ ನೋಡಿ, "ಇದೇನೇ, ಪೆಟ್ಟಿಗೆನಾ?" ಎಂದರು.

ನನಗೆ ರೇಗಿತು. "ಬಿದ್ದು ಪೆಟ್ಟಾದ್ರೆ ನೀವು ನೋಡ್ಕೊತೀರಾ?"

"ನೋಡ್ಕೊತೀನಿ. ಅದಕ್ಕೇ ಬಂದಿರೋದು."

ಮರುದಿನ ಹಲಗೆ ಹೊತ್ತು ಬಂದರು. ಹಿತ್ತಿಲಲ್ಲಿ ಎರಡು ಮೆಟ್ಟಿಲು, ಒಂದು ಜಾರುಬಂಡಿ ಎದ್ದವು. ಪಕ್ಕದ ಮನೆಯ ಮಕ್ಕಳನ್ನೂ ಕೂಗಿ ಕರೆದರು. ಮಗಳು ಮೊದಲು ನನ್ನ ಸೀರೆ ಬಿಡಲಿಲ್ಲ. ನಾನಂತೂ ಜಾರುಬಂಡಿಯ ಬುಡದಲ್ಲಿ ಕೈಚಾಚಿ ನಿಂತಿದ್ದೆ. ದಿನ ಕಳೆದಂತೆ ಅವಳೂ ಮೆಟ್ಟಿಲು ಹತ್ತಿದಳು, ಜಾರಿದಳು, ಬಿದ್ದಳು, ಅತ್ತಳು. ಹಾಗೊಂದು ಸಂಜೆ ಕೆಳಗಿಳಿದವಳೇ ಅಜ್ಜನ ಬೆರಳು ಜಗ್ಗಿ, "ಇನ್ನೊಂಸಲ" ಎಂದಳು.

ಅದೇ ಮೊದಲ ಮಾತು. ಮಾವ ಅವಳನ್ನು ಎತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು.

ಗೂಡಿನಿಂದ ಆದದ್ದೋ, ಕಾಲ ಕೂಡಿಬಂದದ್ದೋ, ಯಾರು ಹೇಳಬಲ್ಲರು? ಅವಳೀಗ ಎರಡನೇ ಕ್ಲಾಸು. ಲೆಕ್ಕ ತಲೆಗೆ ಹತ್ತುವುದು ನಿಧಾನ, ಮಾತು ಕಲಿಸುವ ಟೀಚರ್ ಬಳಿ ಇನ್ನೂ ಹೋಗಬೇಕು. ಕುಂಟುತ್ತಾ ಕರೆದೊಯ್ಯುವವರು ಮಾವನೇ. ದಾರಿಯುದ್ದಕ್ಕೂ ಅವಳದ್ದು ಒಂದೇ ಸಮ ವಟವಟ. ಅವರೇ ಸುಸ್ತಾಗಿ, "ಉಸಿರಾದ್ರೂ ತಗೊಳ್ಳೇ ತಾಯಿ" ಅನ್ನುತ್ತಾರೆ.