ಕುರ್ಚಿ ಸಮೇತ ಪಿಕಪ್

ಸೋಫಾ ಕುರ್ಚಿಗಳ ಹೊಟ್ಟೆ ಬಗೆದು ಹೊಸ ಸ್ಪ್ರಿಂಗ್ ಕೂರಿಸುವುದರಲ್ಲಿ ಸ್ಪ್ರಿಂಗ್ ಮಾಮನದು ಎತ್ತಿದ ಕೈ. ಇಂಗ್ಲಿಷ್ ಎಂದರೆ ಮಾತ್ರ ಕೈಕಾಲು ಬಿಡುತ್ತಿದ್ದ. ಅವನಿಗೆ ಚೆನ್ನಾಗಿ ಗೊತ್ತಿದ್ದ ಮಾತು ಒಂದೇ, ‘ಪಿಕಪ್’. ಅರ್ಥವೂ ಒಂದೇ: ಎತ್ತು, ವ್ಯಾನಿಗೆ ಹಾಕು, ಅಂಗಡಿಗೆ ತಾ.

ಹಳೆಯ ಗಿರಾಕಿ ದಂತವೈದ್ಯೆ ತನ್ನ ತಾಯಿಯ ಆರಾಮಕುರ್ಚಿಯನ್ನು ರಿಪೇರಿಗೆ ಕೊಡುತ್ತೇನೆಂದಿದ್ದಳು. ಒಂದು ಮಧ್ಯಾಹ್ನ ಅವಳಿಂದ ಫೋನಿಗೆ ಇಂಗ್ಲಿಷಿನಲ್ಲಿ ಸಂದೇಶ ಬಂತು. ಹೆಂಡತಿ ಅಕ್ಷರ ಕೂಡಿಸಿ ಓದಿದಳು.

“ಪಿಕಪ್ ಮದರ್. ಫೋರ್ ಓ ಕ್ಲಾಕ್.”

“ಮದರ್‍ನಾ? ಕುರ್ಚಿ ಅಲ್ವೇನೇ?”

“ಬರ್ದಿರೋದು ಇಷ್ಟೇ. ಕುರ್ಚಿ ಬಿಟ್ಟು ಏಳಲ್ಲ ಅಂತಾರೇನೋ. ನಡೀರಿ.”

ದಂತವೈದ್ಯೆಯ ಮನೆಯಲ್ಲಿ ಅಜ್ಜಿ ಒಬ್ಬರೇ ಆ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಮಾಮ ಸಂದೇಶ ತೋರಿಸಿದ. ಓದಿ ಅವರು ಕಿಸಕ್ಕನೆ ನಕ್ಕರು.

“ಬರೆದಿದ್ದಾಳಲ್ಲ, ಎತ್ತಿ ಮತ್ತೆ!”

ಗಂಡಹೆಂಡಿರು ಕುರ್ಚಿ ಸಮೇತ ಅಜ್ಜಿಯನ್ನು ನಾಲ್ಕು ಮೆಟ್ಟಿಲು ಇಳಿಸುವಷ್ಟರಲ್ಲಿ ಮಾಮನ ಸೊಂಟ ಹಿಡಿದುಕೊಂಡಿತು. ಕುರ್ಚಿ ವ್ಯಾನಿನ ಹಿಂದಕ್ಕೆ, ಅಜ್ಜಿ ಮುಂದಕ್ಕೆ. ಅಂಗಡಿ ಸೇರಿ ಇನ್ನೂ ಉಸಿರು ಬಿಟ್ಟಿರಲಿಲ್ಲ, ಫೋನು ಬಡಿದುಕೊಂಡಿತು.

“ಪಿಕಪ್ ಮಾಡಪ್ಪಾ,” ಎಂದರು ಅಜ್ಜಿ.

ಮಾಮ ಸೊಂಟ ಹಿಡಿದುಕೊಂಡೇ ಸುತ್ತ ನೋಡಿದ. “ಇನ್ನೇನಮ್ಮಾ ಎತ್ತೋದು?”

“ಫೋನು ಕಣೋ!”

ಆ ಕಡೆಯಿಂದ ದಂತವೈದ್ಯೆ ಕಿರುಚಿದಳು. “ಅಮ್ಮ ಮನೇಲಿಲ್ಲ! ಕುರ್ಚೀನೂ ಇಲ್ಲ!”

“ಎರಡೂ ಇಲ್ಲೇ ಇವೆ, ಮೇಡಂ. ನೀವೇ ತಾನೆ ಬರೆದದ್ದು?”

ಕಣ್ಣಿನ ಪರೀಕ್ಷೆಗೆ ಅಮ್ಮನನ್ನು ಕರೆದುಕೊಂಡು ಹೋಗೆಂದು ತಮ್ಮನಿಗೆ ಬರೆದದ್ದು ಅವಸರದಲ್ಲಿ ಮಾಮನಿಗೆ ಹೋಗಿತ್ತು. ಮಾಮ ಫೋನು ಕೆಳಗಿಟ್ಟು ಅಜ್ಜಿಗೆ ಕೈ ಮುಗಿದ.

“ಹೆದರಬೇಡ. ಓದಿದ ಕೂಡಲೇ ನಂಗೆ ಗೊತ್ತಾಯ್ತು,” ಎಂದರು ಅಜ್ಜಿ. “ಆರು ತಿಂಗಳಿಂದ ಮನೆ, ಆಸ್ಪತ್ರೆ ಬಿಟ್ಟು ಬೇರೆ ಬಾಗಿಲು ಕಂಡಿಲ್ಲ.”

ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದವರು ಅವರು. ಮಗಳು ಬರುವವರೆಗೂ ಮಾಮನನ್ನು ಬಿಡಲಿಲ್ಲ. ಸ್ಟೇಷನ್ನಿಂದ ನೆಂಟರನ್ನು ಕರೆತಂದರೂ ಪಿಕಪ್, ನೆಗಡಿ ಅಂಟಿಸಿಕೊಂಡರೂ ಪಿಕಪ್, ವ್ಯಾಪಾರ ಕುದುರಿದರೂ ಪಿಕಪ್, ಕೇಳಿ ಕೇಳಿಯೇ ಭಾಷೆ ಕಲಿತರೂ ಪಿಕಪ್.

“ಒಂದೇ ಮಾತಿನ ಕೈಲಿ ಇಷ್ಟೊಂದು ಕೆಲಸ ಮಾಡಿಸ್ತಾರಾ? ಪಾಪ!” ಎಂದ ಮಾಮ.

ದಂತವೈದ್ಯೆ ಕೂಗಾಡಲು ಸಿದ್ಧಳಾಗಿಯೇ ಬಂದಳು. ಅಮ್ಮ ಮಾಮನ ಹೆಂಡತಿಯ ಪಕ್ಕ ಕೂತು ಕುರ್ಚಿಯೊಳಗಿನ ಹಳೆಯ ನಾರು ಬಿಡಿಸುತ್ತ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಮಗಳು ಚೀಲ ಕೆಳಗಿಟ್ಟಳು. ಒಂದು ಮೂಲೆಯಲ್ಲಿ ತಾನೂ ಕೂತಳು.

ಕುರ್ಚಿ ನಾಲ್ಕೇ ದಿನಕ್ಕೆ ಸಿದ್ಧವಾಯಿತು. ಅಜ್ಜಿ ಮಾತ್ರ ಅದನ್ನು ಮನೆಗೆ ಒಯ್ಯಗೊಡಲಿಲ್ಲ. ವಾರಕ್ಕೊಮ್ಮೆ ಅಂಗಡಿಗೇ ಬಂದು, ಅದರಲ್ಲಿ ಕೂತು, ಮಾಮನ ಹೆಂಡತಿಗೆ ಇಂಗ್ಲಿಷ್ ಓದಲು ಕಲಿಸುತ್ತಾರೆ. ಮಾಮ ಮೊಳೆ ಹೊಡೆಯುವ ಸದ್ದು ಹೆಚ್ಚಾದರೆ ಅವನಿಗೂ ಬೈಗುಳ ತಪ್ಪಿದ್ದಲ್ಲ.