ಬೆಣೆ ಬಡಿದ ಕಬ್ಬಿಣ

ನ್ಯೂಯಾರ್ಕಿನ ಹತ್ತಿರದ ಓಲ್ಡ್ ಬ್ರಿಡ್ಜ್ ಎಂಬ ಊರಿನ ನಮ್ಮ ಮನೆಯಲ್ಲಿ ಟೀ ಪುಡಿಯ ಡಬ್ಬಿಯ ಮೇಲೊಂದು ಸೇತುವೆಯ ಚಿತ್ರವಿದೆ, ಸ್ವಾಮಿ. ಇಂಗ್ಲೆಂಡಿನ ಸೆವರ್ನ್ ನದಿಯ ಮೇಲೆ ಇನ್ನೂರು ಚಿಲ್ಲರೆ ವರ್ಷಗಳಿಂದ ಬೆನ್ನು ಬಾಗಿಸಿ ನಿಂತಿರುವ ಆ ಕಬ್ಬಿಣದ ಸೇತುವೆಯನ್ನು, ನಾನೂ ನನ್ನಾಕೆ ಸುಮಿತ್ರೆಯೂ ನೌಕರಿ ಗಟ್ಟಿಯಾಗಿದ್ದ ಕಾಲದಲ್ಲಿ ನೋಡಿಬಂದಿದ್ದೆವು, ಡಬ್ಬಿ ಅಲ್ಲಿಯದೇ. ಅಷ್ಟು ದೊಡ್ಡ ಸೇತುವೆಯನ್ನು ಕಬ್ಬಿಣದಲ್ಲಿ ಅದಕ್ಕೆ ಮೊದಲು ಯಾರೂ ಕಟ್ಟಿರಲಿಲ್ಲವಂತೆ. ಹೊಸ ಲೋಹವನ್ನು ಜೋಡಿಸುವ ಬಗೆ ತಿಳಿಯದ ಆ ಜನ ತಮಗೆ ಗೊತ್ತಿದ್ದ ಬಡಗಿಯ ವಿದ್ಯೆಯನ್ನೇ ಅದಕ್ಕೂ ಹೂಡಿ, ಒಂದು ತೊಲೆಯ ತುದಿಯನ್ನು ಇನ್ನೊಂದರ ಕಿಂಡಿಗೆ ತೂರಿಸಿ, ಮರದ ಚೌಕಟ್ಟಿಗೆ ಬಡಿದಂತೆ ಬೆಣೆ ಬಡಿದಿದ್ದರು. ಕಂಡು ನಾನು ನಕ್ಕಿದ್ದೆ.

ಬ್ಯಾಂಕುಗಳು ಒಂದರ ಹಿಂದೊಂದು ಕುಸಿದ ಚಳಿಗಾಲದಲ್ಲಿ ಆ ನಗು ನನ್ನತ್ತಲೇ ತಿರುಗಿತು. ನ್ಯೂಯಾರ್ಕಿನ ಆಫೀಸು ನನ್ನನ್ನು ಕೆಲಸದಿಂದ ತೆಗೆದು, ಒಂದು ರಟ್ಟಿನ ಪೆಟ್ಟಿಗೆಯೊಡನೆ ಮನೆಗೆ ಕಳಿಸಿತು. ಇಪ್ಪತ್ತು ವರ್ಷ ಪ್ರಾಜೆಕ್ಟು ನಡೆಸಿದ ಕೈ ಸುಮ್ಮನಿರುತ್ತದೆಯೇ? ಅಡುಗೆಮನೆಗೆ ನುಗ್ಗಿ ಡಬ್ಬಿಡಬ್ಬಿಗೂ ನಂಬರಿನ ಲೇಬಲ್ ಅಂಟಿಸಿದೆ. ಸೋಮವಾರ ಒಂಬತ್ತಕ್ಕೆ ಸ್ಟೇಟಸ್ ಮೀಟಿಂಗ್ ಎಂದೆ.

“ರೀ, ಸಾಸಿವೆ ನಂಬರ್ ಹದಿನಾಲ್ಕಾ? ಎಣ್ಣೆ ಕಾದು ಹೊಗೆ ಬರ್ತಿರುವಾಗ ನಿಮ್ಮ ಲಿಸ್ಟ್ ಹುಡುಕ್ಲಾ ನಾನು?” ಎಂದಳು ಸುಮಿತ್ರೆ.

ಅದೇ ವಾರ ಹತ್ತಿರದ ಕಾಲೇಜೊಂದರಿಂದ ಕರೆ ಬಂತು: ಕೆಲಸ ಕಳೆದುಕೊಂಡವರಿಗೆ ಕಂಪ್ಯೂಟರ್ ಕಲಿಸಬೇಕು, ಬರುವುದಾದರೆ ಶುಕ್ರವಾರದೊಳಗೆ ತಿಳಿಸಿ. ಐವತ್ತೆರಡರ ನಾನು ಸೀಮೆಸುಣ್ಣ ಹಿಡಿದವನಲ್ಲ. ತರಗತಿಯ ಮುಂದೆ ಬಾಯಿ ಕಟ್ಟಿದರೆ ಉಳಿದಿದ್ದ ಅಷ್ಟಿಷ್ಟು ಧೈರ್ಯವೂ ಹೋಗುತ್ತದೆಂಬ ದಿಗಿಲಿನಲ್ಲಿ ಶುಕ್ರವಾರ ಬೆಳಗಿನವರೆಗೂ ಫೋನ್ ಮುಟ್ಟಲಿಲ್ಲ.

“ಪಾಠ ಮಾಡೋಕೆ ಬರಲ್ಲ ಕಣೇ. ನಂಗೆ ಗೊತ್ತಿರೋದು ಮೀಟಿಂಗ್ ಮಾಡೋದಷ್ಟೇ.”

“ಹಾಗಾದ್ರೆ ಅಲ್ಲೇ ಹೋಗಿ ಮೀಟಿಂಗ್ ಮಾಡಿ! ಅವರೂ ಪೆಟ್ಟಿಗೆ ಹೊತ್ಕೊಂಡು ಆಫೀಸಿಂದ ಬಂದವ್ರೇ ತಾನೆ? ಅರ್ಥ ಆಗುತ್ತೆ. ನನ್ನ ಸಾಸಿವೆ ಬಿಟ್ಬಿಡಿ.”

ನಮ್ಮ ತಾತ ಹೇಳುತ್ತಿದ್ದರು, ಹೊಸ ದಾರಿಗೂ ಹಳೇ ಕಾಲುಗಳೇ ಗತಿ ಕಣೋ ಎಂದು. ಸೇತುವೆ ಕಟ್ಟಿದವರಿಗೂ ಬೇರೆ ಗತಿಯಿರಲಿಲ್ಲ. ಕಬ್ಬಿಣದ ವಿದ್ಯೆ ಕಲಿತ ಮೇಲೆಯೇ ಹೊಳೆ ದಾಟುತ್ತೇವೆಂದು ದಡದಲ್ಲಿ ಕುಳಿತಿದ್ದರೆ ಇಂದಿಗೂ ಅಲ್ಲೇ ಕುಳಿತಿರುತ್ತಿದ್ದರು. ಗೊತ್ತಿದ್ದ ಬೆಣೆಯನ್ನೇ ಬಡಿದರು; ಅದು ಹಿಡಿಯಿತು.

ಟೀಗೆ ನೀರಿಟ್ಟು ಡಬ್ಬಿ ತೆಗೆದೆ. ಕಮಾನಿನ ನಡುಬೆನ್ನಿಗೇ ನನ್ನ ‘ನಂಬರ್ ಮೂರು’ ಅಂಟಿ ಕೂತಿತ್ತು. ಉಗುರಿನಿಂದ ಮೆಲ್ಲಗೆ ಕೆರೆದೆ. ಸೇತುವೆ ಹೊರಬಂತು, ಅಂಟು ಮಾತ್ರ ಪೂರ್ತಿ ಹೋಗಲಿಲ್ಲ, ಈಗಲೂ ಬೆರಳಿಗೆ ತಗಲುತ್ತದೆ. ನೀರು ಕುದಿಯುವ ಮೊದಲೇ ಫೋನ್ ಎತ್ತಿಕೊಂಡೆ.