ಶ್ಯಾವಿಗೆ ಮಷಿನ್ ಅಲ್ಲ, ಗುಜರಿಯೂ ಅಲ್ಲ

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ಪಕ್ಕದ ಮನೆಯ ಗಂಗವ್ವ ಒಂದು ಬೋಗುಣಿ ತುಂಬ ನಾದಿದ ಕಣಕ ಹೊತ್ತು ನಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಕಣಕದ ಮೇಲೆ ಒದ್ದೆ ಬಟ್ಟೆ ಮುಚ್ಚಿತ್ತು.

"ಅಕ್ಕಾರ, ನಿಮ್ಮ ಶ್ಯಾವಿಗಿ ಮಷಿನ್ ಒಂದ್ ತಾಸು ಕೊಡ್ರಿ. ನಮ್ಮದು ಕೆಟ್ಟು ಕುಂತೈತಿ."

"ನಮ್ಮನ್ಯಾಗ ಶ್ಯಾವಿಗಿ ಮಷಿನ್ ಎಲ್ಲೈತಿ ಗಂಗವ್ವಾ?"

"ಅಕಾ, ಅಲ್ಲೈತಲ್ರಿ!" ಎಂದು ಅವಳು ಬಚ್ಚಲ ಬಾಜು ಕೈ ತೋರಿಸಿದಳು. "ತಿರುವಾಕ ಹಿಡಿಕಿ ಐತಿ, ಎರಡು ರೂಲ್ ಅದಾವು. ಶ್ಯಾವಿಗಿ ಸ್ವಲ್ಪ ದಪ್ಪ ಬಂದ್ರೂ ನಡೀತೈತ್ರಿ, ನಮ್ಮನ್ಯಾಗ ಯಾರೂ ಹೆಸರಿಡಂಗಿಲ್ಲ."

ನಾನು ನಗಲಿಲ್ಲ. (ಆಮೇಲೆ ನಕ್ಕೆ. ಒಳಗೆ ಹೋಗಿ, ಸೆರಗು ಬಾಯಿಗಿಟ್ಟುಕೊಂಡು.) ಗಂಗವ್ವನದಾದರೂ ಏನು ತಪ್ಪು? ಹಲಗೆಗೆ ಬಿಗಿದ ಕಬ್ಬಿಣದ ಚೌಕಟ್ಟು, ಒಂದರ ಮೇಲೊಂದು ಎರಡು ರೋಲರು, ಪಕ್ಕದಲ್ಲಿ ಹಿಡಿಕೆ. ಶ್ಯಾವಿಗೆ ಹೊಸೆಯುವ ಊರಿನ ಕಣ್ಣಿಗೆ ಅದು ಇನ್ನೇನು ಕಂಡೀತು? ಆದರೆ ಆ ರೋಲರುಗಳ ನಡುವೆ ಇದುವರೆಗೆ ತಿನ್ನುವ ಪದಾರ್ಥ ಯಾವುದೂ ಹಾಯ್ದಿಲ್ಲ. ಹಾಯ್ದಿರುವುದು ಹಾಸ್ಟೆಲ್ ಹುಡುಗಿಯರ ಯೂನಿಫಾರಂ, ಚಾದರ, ನಮ್ಮನೆಯವರ ಧೋತರ. ಅದು ಬಟ್ಟೆ ಹಿಂಡುವ ಮಷಿನ್.

"ಬಟ್ಟಿ ಹಿಂಡಾಕ ಮಷಿನ್ ಯಾಕ್ರಿ ಅಕ್ಕಾರ? ಕೈ ಇಲ್ಲೇನ್ರಿ?" ಎಂದು ಗಂಗವ್ವ ಬೋಗುಣಿ ಎತ್ತಿಕೊಂಡು ನಡೆದೇಬಿಟ್ಟಳು.

ಈ ಅಂಕಣವನ್ನು ತಪ್ಪದೆ ಓದುವವರಿಗೆ ನನ್ನ ಹುಚ್ಚು ಹೊಸದಲ್ಲ. ಕೆಲವರು ಸೀರೆ ಕೂಡಿಸುತ್ತಾರೆ, ಕೆಲವರು ಸ್ಟೀಲ್ ಡಬ್ಬಿ. ನಾನು ಬಟ್ಟೆ ಒಗೆಯುವ, ಹಿಂಡುವ, ಇಸ್ತ್ರಿ ಮಾಡುವ ಹಳೆಯ ಸಾಮಾನು ಕೂಡಿಸುತ್ತೇನೆ. ಒಂದು ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆ ಇದೆ. ಅದರ ಚಿಲಕದ ಮೇಲೊಂದು ಪುಟ್ಟ ಹುಂಜ ಕೂತಿದೆ. ಒಳಗೆ ತೆಂಗಿನ ಚಿಪ್ಪಿನ ಕೆಂಡ ತುಂಬಿದರೆ ಹುಂಜವೂ ಬಿಸಿಯಾಗುತ್ತದೆ! ತಗಡಿಗೆ ಅಲೆಅಲೆಯಾಗಿ ಮಡಿಕೆ ಹೊಡೆದ ಉಜ್ಜುವ ಹಲಗೆ ಇದೆ. ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಯಿಂದ ಟೆಂಪೋದಲ್ಲಿ ಬಂದ, ನನ್ನ ಮದುವೆಗಿಂತಲೂ ಹಳೆಯದಾದ ಒಂದು ದುಂಡು ವಾಷಿಂಗ್ ಮಷಿನ್ ಇದೆ. ಅಣ್ಣಿಗೇರಿಯಲ್ಲಿ ಮೋಟರ್ ರಿವೈಂಡಿಂಗ್ ಮಾಡಿಸಿದ ಮೇಲೆ ಅದು ಬೆಕ್ಕಿನ ಹಾಗೆ ಗುರುಗುಡುತ್ತ ತಿರುಗುತ್ತದೆ.

ಮತ್ತು ಈ ಹಿಂಡುವ ಮಷಿನ್. ಇದು ನಾನು ಓದಿದ ಕಾನ್ವೆಂಟಿನ ಹಾಸ್ಟೆಲಿನದು. ಅಲ್ಲಿ ಹಳೇ ಸ್ಟೋರ್ ರೂಮ್ ಖಾಲಿ ಮಾಡುತ್ತಾರೆಂದು ಗೆಳತಿ ಫೋನ್ ಮಾಡಿದ ದಿನವೇ ಹೋಗಿ ತಂದೆ. ಶನಿವಾರ ಶನಿವಾರ ನಾವು ಹುಡುಗಿಯರು ಪಾಳಿಯ ಮೇಲೆ ತಿರುವುತ್ತಿದ್ದ ಹಿಡಿಕೆ. ನನ್ನ ಕೈ ಸವೆಸಿದ ಮರವನ್ನು ಇನ್ನೊಬ್ಬರ ಮನೆಗೆ ಹೇಗೆ ಬಿಟ್ಟುಕೊಡಲಿ?

ನಮ್ಮ ಮನೆ ಮ್ಯೂಸಿಯಂ ಅಲ್ಲ, ನೆನಪಿರಲಿ. ಇವೆಲ್ಲ ವಾರವಾರ ದುಡಿಯುತ್ತವೆ. ನಮ್ಮ ತಿರ್ಲಾಪುರದಲ್ಲಿ ಬೋರಿನ ನೀರು ಸವಳು. ಸೋಪು ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ. ಸಿಹಿ ನೀರು ಎಂದರೆ ಕೆರೆ ನೀರು, ಅದನ್ನು ಅಳೆದು ಸುರಿದು ಬಳಸಬೇಕು. ನನ್ನ ದುಂಡು ಮಷಿನ್‌ಗೆ ನಾನೇ ಕೊಡದಿಂದ ನೀರು ಹಾಕುತ್ತೇನೆ. ಅದೇ ನೀರಿನಲ್ಲಿ ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದ್ದು, ಕಡೆಗೆ ಹೊಲದ ಎರೆಮಣ್ಣು ಮೆತ್ತಿದ ಬಟ್ಟೆ. ಉಳಿದದ್ದು ಅಂಗಳಕ್ಕೆ. ಈ ಲೆಕ್ಕ ಯಾವ ಆಟೋಮ್ಯಾಟಿಕ್‌ಗೆ ಬರುತ್ತದೆ ಹೇಳಿ?

ಆದರೆ ನಮ್ಮ ಅತ್ತೆಯವರ ಪಾಲಿಗೆ ಇದೆಲ್ಲದಕ್ಕೂ ಒಂದೇ ಹೆಸರು: ಗುಜರಿ. ಓಣಿಯಲ್ಲಿ "ಹಳೇ ಕಬ್ಬಿಣ, ಹಳೇ ಪ್ಲ್ಯಾಸ್ಟಿಕ್" ಎಂಬ ಮೈಕು ಕೇಳಿದರೆ ಸಾಕು, ಕಟ್ಟೆಯ ಮೇಲಿಂದ ಕೂಗು ಹೋಗುತ್ತಿತ್ತು.

"ಬಾರಪಾ, ಬಾ! ನಮ್ಮ ಸೊಸಿ ನಿನಗಿಂತಾ ದೊಡ್ಡ ಅಂಗಡಿ ಇಟ್ಟಾಳ, ನೋಡ್ಕೊಂಡ್ ಹೋಗು."

ಆ ಗುಜರಿಯವ ಪ್ರತಿ ಸಲ ಬಂದು, ಹಿಂಡುವ ಮಷಿನ್ನನ್ನು ಸುತ್ತ ಹಾಕಿ ನೋಡಿ, ನನ್ನ ಮುಖ ನೋಡಿ, ಹಾಗೇ ಹೋಗುತ್ತಿದ್ದ. ಹೈಸ್ಕೂಲಿನಲ್ಲಿ ಮಾಸ್ತರರಾಗಿರುವ ನಮ್ಮನೆಯವರು ಇಂಥ ಹೊತ್ತಿನಲ್ಲಿ ಪೇಪರ್ ಓದುತ್ತಿರುತ್ತಾರೆ. (ಒಮ್ಮೊಮ್ಮೆ ತಲೆಕೆಳಗಾಗಿ.)

ಇನ್ನು ಈ ದಸರೆಯ ಸುದ್ದಿ.

ನಮ್ಮ ಕಡೆ ನವರಾತ್ರಿಯ ಘಟ ಕೂರಿಸುವ ಮುನ್ನ ಮನೆಯ ಹಾಸಿಗೆ, ಹೊದಿಕೆ, ಕೌದಿ ಎಲ್ಲ ತೊಳೆದು ಆಗಬೇಕು. ಚಕ್ಕಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಹೇರಿಕೊಂಡು ಊರಿಗೆ ಊರೇ ಹಳ್ಳಕ್ಕೆ ಹೋಗುತ್ತದೆ. ಅವತ್ತು ಹಳ್ಳದ ದಂಡೆ ನೋಡಬೇಕು ನೀವು, ಜಾಲಿ ಕಂಟಿಯ ಮೇಲೆಲ್ಲ ಬಣ್ಣ! ಮನೆಯಲ್ಲಿ ತೊಳೆಯದ ಹಾಸಿಗೆ ಒಂದೇ ಒಂದು ಉಳಿದರೂ ಘಟ ಹಾಕಲು ಬರುವುದಿಲ್ಲ. ಇದು ಅತ್ತೆಯವರ ಕಾಯಿದೆ. ತಿದ್ದುಪಡಿ ಇಲ್ಲ.

ನಮ್ಮಲ್ಲಿ ಉಳಿಯುತ್ತಿದ್ದದ್ದು ಒಂದೇ. ಅತ್ತೆಯವರ ತಾಯಿ ಹೊಲಿದುಕೊಟ್ಟ ಕೌದಿ. ಇಳಕಲ್ ಸೀರೆಯ ಕೆಂಪು ಸೆರಗು ನಡುವೆ, ಸುತ್ತಲೂ ಯಾರ್‍ಯಾರದೋ ಕುಬಸ, ಲಂಗ, ಅಂಗಿ. ಬಿಳಿ ದಾರದ ಹೊಲಿಗೆ ಇರುವೆ ಸಾಲಿನಂತೆ ಸುತ್ತಿ ಸುತ್ತಿ ಒಳಗೆ ಹೋಗುತ್ತದೆ. ಅದರಲ್ಲಿ ನಮ್ಮನೆಯವರ ಬಾಲ್ಯದ ಚಡ್ಡಿಯ ಒಂದು ಚೌಕವೂ ಇದೆ, ತೋರಿಸಿದರೆ ಅವರಿಗೆ ಸಿಟ್ಟು.

ಈಗ ಅದು ಸವೆದು ಹೂವಿನಷ್ಟು ಮೆತ್ತಗಾಗಿದೆ. ಒಣಗಿದಾಗ ಮುದ್ದು, ಒದ್ದೆಯಾದಾಗ ಭಾರ. ಹಳ್ಳದಲ್ಲಿ ಕೌದಿ ಹಿಂಡುವುದೆಂದರೆ ಎರಡೂ ತುದಿಗೆ ಇಬ್ಬರು ನಿಂತು ಹಗ್ಗ ಹೊಸೆದಂತೆ ತಿರುವುವುದು. ಈ ಕೌದಿ ಅದನ್ನು ತಾಳುವುದಿಲ್ಲ. ಅತ್ತೆಯವರ ಮೊಣಕಾಲು ಹಳ್ಳದ ಇಳಿಜಾರು ತಾಳುವುದಿಲ್ಲ. ಬೇರೆ ಯಾರ ಕೈಗೂ ಅವರು ಅದನ್ನು ಕೊಡುವುದೂ ಇಲ್ಲ. ಹೋದ ವರ್ಷ ಅದು ಪ್ಲ್ಯಾಸ್ಟಿಕ್ ಚೀಲದಲ್ಲಿ ಸುತ್ತಿಸಿಕೊಂಡು ನವರಾತ್ರಿ ಪೂರ್ತಿ ಹೊರಗೆ ಟ್ರ್ಯಾಕ್ಟರ್ ಶೆಡ್ಡಿನಲ್ಲಿತ್ತು. ಅತ್ತೆ ಊಟದ ನಡುವೆಯೂ ಕೈ ನಿಲ್ಲಿಸಿ "ಇಲಿ ಗಿಲಿ ಕಡದಾವೇನ್ ನೋಡ್ ಬಾರೋ" ಎಂದು ಮಗನನ್ನು ಎಬ್ಬಿಸುತ್ತಿದ್ದರು.

ಈ ವರ್ಷ ಅವರೇ ತೀರ್ಮಾನ ಹೇಳಿಬಿಟ್ಟರು. "ಸಾಕಪಾ. ತೊಳ್ಯಾಕ ಬರಲಾರದ್ದು ಇಟಗೊಂಡು ಏನ್ ಮಾಡೂದೈತಿ? ಈ ಸಲ ಹಳ್ಳದಾಗ ಬಿಟ್ಟು ಬಂದ್ಬಿಡ್ರಿ."

ಹೇಳಿದ್ದು ಗಟ್ಟಿಯಾಗಿಯೇ. ಆದರೆ ಕೈ ಮಾತ್ರ ಕೌದಿಯ ಒಂದು ಮೂಲೆಯನ್ನು ಹಿಸುಕುತ್ತಿತ್ತು.

ಹುಬ್ಬಳ್ಳಿಯಲ್ಲಿರುವ ನಾದಿನಿ ರೇಖಾಳ ಫೋನು ಬಂತು. ಸ್ಪೀಕರಿನಲ್ಲಿ ಅವಳ ದನಿ: "ಯವ್ವಾ, ನನ್ನ ಮಷಿನ್‌ನ್ಯಾಗ ಬ್ಲಾಂಕೆಟ್ ಮೋಡ್ ಐತಿ. ಇಲ್ಲಿ ಕಳಸು."

"ನಿಮ್ಮತ್ತಿ ಕೌದಿಗೆ ನಿನ್ನ ಮಷಿನ್ ಏನ್ ಮಾಡಿತು ಅಂತ ನೀನ ಹೇಳಿದ್ದೆಲ್ಲ? ಚಿಂದಿ ಚಿಂದಿ ಆರಿಸಿದ್ದಿ."

"ಅದು ಬ್ಯಾರೆ ಮೋಡ್ ಬೇ..."

"ಮೋಡಾ ಬ್ಯಾಡ, ಮಳೀನೂ ಬ್ಯಾಡ. ಇಡು ಫೋನು."

ಆಗ ನಾನೆಂದೆ: "ಅತ್ತೀ, ನನ್ನ ಕೈಯಾಗ ಕೊಟ್ಟು ನೋಡ್ರಿ."

"ನಿನ್ನ ಗುಜರ್‍ಯಾಗ ಹಾಕ್ತಿ?"

"ಹೌದ್ರಿ. ಅದು ತಿರುವಂಗಿಲ್ರಿ, ಬರೇ ಒತ್ತತೈತಿ."

"ಹರದ್ರ?"

ನಾನು ಮೆತ್ತಗೆ ಮಾತಾಡುವವಳು. ಕಾನ್ವೆಂಟಿನಲ್ಲಿ ದನಿ ಏರಿಸಿದರೆ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು, ಆ ಅಭ್ಯಾಸ ಹೋಗಿಲ್ಲ. ಆದರೂ ಅವತ್ತು ಬಾಯಿಂದ ಹೊರಟೇ ಹೋಯಿತು: "ಹರದ್ರ ಮಷಿನ್ನ ನಾನ ಗುಜರಿಯವಗ ಎತ್ತಿ ಕೊಡ್ತೀನ್ರಿ."

ನಮ್ಮನೆಯವರು ಪೇಪರ್ ಕೆಳಗಿಟ್ಟರು. ಅಲ್ಲಿಗೆ ತಿಳಿಯಿರಿ, ವಿಷಯ ಎಷ್ಟು ದೊಡ್ಡದಾಗಿತ್ತು ಎಂದು.

ಮರುದಿನ ಬೆಳಿಗ್ಗೆ ದೊಡ್ಡ ಹಂಡೆಗೆ ಕೆರೆ ನೀರು ತುಂಬಿ, ಅಂಟವಾಳದ ಕಾಯಿ ಕಿವುಚಿ, ಕೌದಿ ನೆನೆಹಾಕಿದೆ. ಬಡಿಯಲಿಲ್ಲ, ಉಜ್ಜಲಿಲ್ಲ. ಅಂಗೈಯಿಂದ ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ನೀರು ಬದಲಿಸಿದೆ. ಆಮೇಲೆ ಹಿಂಡುವ ಮಷಿನ್ನಿನ ತಲೆಯ ಮೇಲಿನ ಸ್ಕ್ರೂ ಸಡಿಲಿಸಿ, ಕೌದಿಯ ಕೆಳಗೆ ಹಳೆಯ ಚಾದರ ಕೊಟ್ಟು, ಒಂದು ಅಂಚನ್ನು ಸಪಾಟಾಗಿ ರೋಲರುಗಳ ಬಾಯಿಗಿಟ್ಟೆ. ಹಿಡಿಕೆಗೆ ನಮ್ಮನೆಯವರು. ಆ ಕಡೆ ಹಿಡಿದುಕೊಳ್ಳಲು ಗಂಗವ್ವ. ಎದುರಿಗೆ ಕುರ್ಚಿ ಹಾಕಿಸಿಕೊಂಡು ಅತ್ತೆ, ಎರಡೂ ಕೈ ಮೊಣಕಾಲ ಮೇಲೆ, ಪರೀಕ್ಷೆ ನಡೆಸುವ ಇನ್‌ಸ್ಪೆಕ್ಟರಂತೆ.

ಹಿಡಿಕೆ ತಿರುಗಿತು. ಎರೆಹೊಲದ ಬಣ್ಣದ ನೀರು ಹಲಗೆಗುಂಟ ಬಕೆಟ್ಟಿಗೆ ಇಳಿಯಿತು. ಆ ಕಡೆಯಿಂದ ಕೌದಿ ಒಂದೂ ಸುಕ್ಕಿಲ್ಲದೆ, ಚಪ್ಪಟೆಯಾಗಿ, ಮೆಲ್ಲಗೆ ಹೊರಬರತೊಡಗಿತು. ಕೆಂಪು ಸೆರಗು ಬಂತು. ಚಡ್ಡಿಯ ಚೌಕ ಬಂತು.

"ಅಯ್ಯ ಅಕ್ಕಾರ, ಖರೇನ ಶ್ಯಾವಿಗಿ ಬಂದಂಗ ಬರಾಕತ್ತೈತ್ರಿ!" ಎಂದಳು ಗಂಗವ್ವ.

ಇನ್ನೇನು ಮುಗಿಯಿತು ಎನ್ನುವಾಗ, ಕೊನೆಯ ಮೂಲೆಯಲ್ಲಿ, ಹಿಡಿಕೆ ಗಕ್ಕನೆ ನಿಂತಿತು.

"ತಡಿ, ಜೋರ್ ಹಾಕಿ ಇನ್ನೊಂದ್ ಸುತ್ತು ತಿರುವ್ತೀನಿ" ಎಂದರು ನಮ್ಮನೆಯವರು. ತೋಳು ಬಿಗಿದರು.

"ಲೇ, ನಿಂದ್ರೋ! ಮೂಲ್ಯಾಗ ಬಿಲ್ಲಿ ಐತಿ!" ಅತ್ತೆ ಕುರ್ಚಿಯಿಂದ ಎದ್ದೇ ಬಿಟ್ಟಿದ್ದರು.

ಅವರ ಮಾತು ಮುಗಿಯುವ ಮೊದಲೇ ನನ್ನ ಕೈ, ರೋಲರು ಬಿಡಿಸುವ ಸನ್ನೆಕೋಲನ್ನು ಎಳೆದಾಗಿತ್ತು. ಟಪ್ ಎಂದು ಮೇಲಿನ ರೋಲರು ಎದ್ದು ನಿಂತಿತು. ಕೌದಿ ಸಡಿಲಾಗಿ ನನ್ನ ತೋಳಿಗೆ ಒರಗಿತು.

ಹಾಸ್ಟೆಲಿನಲ್ಲಿ ಬಟ್ಟೆ ಕೋಣೆ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಯಾವ ಹೊಸ ಹುಡುಗಿಗೂ ನೇರವಾಗಿ ಹಿಡಿಕೆ ಕೊಡುತ್ತಿರಲಿಲ್ಲ. ಮೊದಲು ಆ ಸನ್ನೆ ಎಳೆಸುತ್ತಿದ್ದರು. ಮತ್ತೆ ಮತ್ತೆ, ಕಣ್ಣು ಮುಚ್ಚಿಸಿ. ತಿರುವುವುದನ್ನು ಆಮೇಲೆ ಕಲಿಯಿರಿ, ಬಿಡುವುದನ್ನು ಮೊದಲು ಕಲಿಯಿರಿ ಎನ್ನುತ್ತಿದ್ದರು. ನಮಗೆ ಆಗ ಅದು ಬೇಜಾರು. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷ್ ಪದ್ಯಗಳು ಅರ್ಧಕ್ಕರ್ಧ ಮರೆತಿವೆ. ಈ ಪಾಠ ಕೈಯಲ್ಲೇ ಉಳಿದಿತ್ತು ನೋಡಿ.

ಅತ್ತೆ ಕುಂಟುತ್ತ ಬಂದು ಆ ಮೂಲೆಯನ್ನು ಬೆರಳಲ್ಲಿ ತಡಕಿದರು. ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಒಳಗೆ ದುಂಡಗೆ, ಗಟ್ಟಿಯಾಗಿ, ಒಂದು ತೂತು ಬಿಲ್ಲೆ, ಹಳೇ ಕಾಲದ ಕಾಸು. ಕೌದಿ ಬರಿಗೈಯಲ್ಲಿ ಮನೆಗೆ ಹೋಗಬಾರದು ಎಂದು ಕೊನೆಯ ಮೂಲೆಯಲ್ಲಿ ಬಿಲ್ಲೆ ಇಟ್ಟು ಹೊಲಿಯುವುದು ಅವರ ತವರಿನ ರೂಢಿಯಂತೆ.

"ಮೊದಲ ಯಾಕ್ ಹೇಳಲಿಲ್ಲಬೇ?" ಎಂದರು ನಮ್ಮನೆಯವರು.

"ಹೇಳೂದೇನೈತೋ? ಹಳ್ಳದಾಗ ಈ ಮೂಲಿ ಯಾವಾಗ್ಲೂ ನಾನ ಹಿಡೀತಿದ್ನಿ."

ಅಷ್ಟು ವರ್ಷ ಕೌದಿಯನ್ನು ಯಾರಿಗೂ ಕೊಡದ ಗುಟ್ಟು ಇಷ್ಟೇ! ಆ ಮೂಲೆ ಇನ್ನೊಬ್ಬರ ಕೈಗೆ ಹೋದದ್ದೇ ಇಲ್ಲ. ಇವತ್ತು ಮೊದಲ ಸಲ ನನ್ನ ಮಷಿನ್ನಿನ ಬಾಯಿಗೆ ಹೋಗಿತ್ತು.

ಅವರು ಮೂಲೆಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದರು. ನಾನು ರೋಲರು ಇಳಿಸಿದೆ. "ಹೂಂ, ತಿರುವೋ" ಎಂದು ಮಗನಿಗೆ ಅಪ್ಪಣೆಯಾಯಿತು. ಉಳಿದ ಗೇಣಗಲ ಹಾಯ್ದು ಬಂತು. ಬಿಲ್ಲೆಯ ಮೂಲೆ ಮಾತ್ರ ಅವರ ಅಂಗೈಯಲ್ಲೇ ಹಿಂಡಿಕೊಂಡಿತು.

ನಮ್ಮ ಮೇಲಿನ ರೋಲರಿನ ರಬ್ಬರಿನ ಮೇಲೆ ಈಗ ಒಂದು ದುಂಡು ಗುರುತು ಉಳಿದಿದೆ. ಹಿಂಡಿದ ಚಾದರದ ಮೇಲೆಲ್ಲ ಆ ಗುರುತಿನಷ್ಟು ಜಾಗ ಒದ್ದೆಯಾಗಿಯೇ ಉಳಿಯುತ್ತದೆ. ಹೊಸ ರಬ್ಬರ್ ಹಾಕಿಸೋಣವೇ ಎಂದು ನಮ್ಮನೆಯವರು ಕೇಳಿದರು. ಹಾಕಿಸುವುದೇ? ಆ ಒದ್ದೆ ಚುಕ್ಕೆ ನನ್ನ ಮೆಡಲು!

ಕೌದಿ ಎರಡು ಹಗ್ಗದ ಮೇಲೆ ಜೋಳಿಗೆಯಂತೆ ಬಿದ್ದುಕೊಂಡು ಸಂಜೆಯೊಳಗೆ ಗರಿಗರಿ ಒಣಗಿತು. ಅತ್ತೆ ಅದರ ಕೆಳಗೇ ಓಡಾಡುತ್ತಿದ್ದರು. ಆಮೇಲೆ ನನ್ನನ್ನು ಬಿಟ್ಟು ಬೇರೆ ಯಾರೂ ಇಲ್ಲದ್ದು ನೋಡಿ ಮಷಿನ್ನಿನ ಹತ್ತಿರ ಹೋಗಿ ನಿಂತರು.

"ಸುನೀತಾ, ಅದು ಟಪ್ ಅಂತ ಹೆಂಗ್ ಎದ್ದಿತು, ಸ್ವಲ್ಪ ತೋರಸು."

ತೋರಿಸಿದೆ. ಹಿಡಿಕೆ ಕೊಡಲಿಲ್ಲ, ಮೊದಲು ಸನ್ನೆ ಎಳೆಸಿದೆ. ಸಿಸ್ಟರ್ ಎಳೆಸಿದಂತೆ, ಮತ್ತೆ ಮತ್ತೆ. (ಕಣ್ಣು ಮುಚ್ಚಿ ಎನ್ನುವ ಧೈರ್ಯ ಬರಲಿಲ್ಲ.) ಮರುದಿನ ಉಳಿದ ಚಾದರಗಳನ್ನೆಲ್ಲ ಅವರೇ ಕುರ್ಚಿಯಲ್ಲಿ ಕೂತು ಹಿಂಡಿದರು. ಮಗ ಕೈ ಹಾಕಲು ಹೋದರೆ "ಸರಿಯೋ, ನಿನಗ ಬರೇ ಜೋರ್ ಹಾಕಾಕ ಬರ್ತೈತಿ" ಎಂದರು. ನಾನು ಆ ಮಾತನ್ನು ಎರಡು ಸಲ ಕೇಳಿಸಿಕೊಂಡೆ, ಒಮ್ಮೆ ಕಿವಿಯಿಂದ, ಒಮ್ಮೆ ಮನಸ್ಸಿನಿಂದ. ಈ ನವರಾತ್ರಿ ಕೌದಿ ಶೆಡ್ಡಿನಲ್ಲಿರಲಿಲ್ಲ. ಅತ್ತೆಯವರ ಮಂಚದ ಮೇಲಿತ್ತು.

ಹಬ್ಬ ಮುಗಿದು ಗುಜರಿಯವ ಬಂದ. ಅವನ ಗಾಡಿ ರೂಢಿಯಂತೆ ನಮ್ಮ ಕಟ್ಟೆಯ ಮುಂದೆ ತಾನಾಗಿಯೇ ನಿಂತಿತು. ನಾನು ಅಡುಗೆ ಮನೆಯ ಕಿಟಕಿಯಲ್ಲಿ ಕಿವಿಯಾದೆ.

"ಅಮ್ಮಾರ, ಆ ಎರಡು ರೂಲಿನ ಮಷಿನ್..."

"ಮುಂದ ನಡಿಯಪಾ. ನಮ್ಮನ್ಯಾಗ ಗುಜರಿ ಇಲ್ಲ."

"ಹೋದ ತಿಂಗಳ ನೀವ ತೋರಿಸಿದ್ರೆಲ್ರಿ?"

"ಆವಾಗ ನನಗ ಅದನ್ನ ನಡಸಾಕ ಬರ್ತಿದ್ದಿಲ್ಲ" ಎಂದರು ಅತ್ತೆ.

ಈಗ ಹೇಳಿ, ಗುಜರಿ ಇರುವುದು ಸಾಮಾನಿನಲ್ಲೋ, ಅದನ್ನು ನಡೆಸಲು ಬಾರದ ನಮ್ಮ ಕೈಯಲ್ಲೋ?